ಸುಮಾ, ಮಗನಿಗೆ ಥೆರಪಿಸ್ಟ್ ಹುಡುಕುವ ವಿಷಯ

ಸುಮಾ, ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ ಅಂತ ಈಗ ಕೆಲಸ ಎಲ್ಲಾ ಮುಗಿಸಿ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ನಿಧಾನಕ್ಕೆ ಓದು.

ಮಗನಿಗೆ ಎಂಟು ವರ್ಷ, ಕ್ಲಾಸಿನಲ್ಲಿ ಪಕ್ಕದವರಿಗೆ ಹೊಡೆಯುತ್ತಾನೆ, ಮನೆಯಲ್ಲಿ ಬೇಡ ಅಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ಶಾಲೆಯವರು ಥೆರಪಿಸ್ಟ್ ಹತ್ತಿರ ತೋರಿಸಿ ಅಂದಿದ್ದಾರೆ. ಹಾಸನದಲ್ಲಿದ್ದುಕೊಂಡು ಎಲ್ಲಿಗೆ ಹೋಗಲಿ, ಅಲ್ಲಿ ಏನು ಮಾಡುತ್ತಾರೆ ಅಂತ ಕೇಳಿದ್ದೀಯ. ದೊಡ್ಡಮ್ಮ ದೃಷ್ಟಿ ತೆಗೆಸು ಅಂದರು. ಚಿಕ್ಕಪ್ಪ ಎರಡು ಬಿಟ್ಟರೆ ಸರಿಹೋಗುತ್ತಾನೆ ಅಂದರು. ದೊಡ್ಡಮ್ಮ, ದೃಷ್ಟಿ ತೆಗೆಯಿರಿ, ನನ್ನದೇನೂ ಅಡ್ಡಿ ಇಲ್ಲ. ಆದರೆ ಚಿಕ್ಕಪ್ಪ, ಹೊಡೆಯುವ ಮಗುವಿಗೆ ನಾವೂ ಹೊಡೆದರೆ, ಸಿಟ್ಟು ಬಂದಾಗ ಹೊಡೆಯಬಹುದು ಅಂತಲೇ ಅವನು ಕಲಿಯುತ್ತಾನೆ. ದಯವಿಟ್ಟು ಆ ಮಾತು ಬೇಡ.

ನಮ್ಮ ದೊಡ್ಡವನಿಗೂ ಇದೇ ವಯಸ್ಸಿನಲ್ಲಿ ಹೀಗೇ ಇತ್ತು, ನಿಮಗೆಲ್ಲಾ ಗೊತ್ತು. ಅದರಿಂದ ತಿಳಿದ ಮುಖ್ಯ ವಿಷಯ ಮೊದಲೇ ಹೇಳುತ್ತೇನೆ. ಇಷ್ಟು ಚಿಕ್ಕ ಮಕ್ಕಳ ಹಟ, ಹೊಡೆದಾಟಕ್ಕೆ ಕೊಡುವ ಥೆರಪಿಯಲ್ಲಿ ಹೆಚ್ಚು ಕೆಲಸ ಇರುವುದು ಅಪ್ಪ ಅಮ್ಮನಿಗೆ. ವಾರಕ್ಕೆ ಮುಕ್ಕಾಲು ಗಂಟೆ ಅವರು ಮಗುವನ್ನು ನೋಡುತ್ತಾರೆ. ಉಳಿದ ಹೊತ್ತೆಲ್ಲಾ ಅವನು ನಿನ್ನ ಕಣ್ಣೆದುರೇ ಇರುತ್ತಾನೆ ಅಲ್ವಾ? ಹಾಗಾಗಿ ನಿಮ್ಮಿಬ್ಬರನ್ನೂ ಒಳಗೆ ಕೂರಿಸಿಕೊಂಡು ಕಲಿಸುವವರನ್ನೇ ಹುಡುಕು.

ನಾವು ಮೊದಲು ಹೋಗಿದ್ದ ಒಂದು ಸೆಂಟರಿನಲ್ಲಿ ಮಗುವನ್ನು ಬಿಟ್ಟು ಹೋಗಿ ಅನ್ನುತ್ತಿದ್ದರು. ಒಳಗೆ ಏನು ನಡೆಯಿತು ಅಂತ ಕೇಳಿದರೆ "ಚೆನ್ನಾಗಿ ಕೋಆಪರೇಟ್ ಮಾಡಿದ" ಅಂತ ಒಂದೇ ಉತ್ತರ. ಪೂರಾ ಪ್ಯಾಕೇಜಿನ ದುಡ್ಡು ಮೊದಲೇ ಕಟ್ಟಿ ಅಂದರು. ಅಂಥ ಕಡೆ ನಿಲ್ಲಬೇಡ.

ಎಲ್ಲಿಗೆ ಹೋಗಬೇಕು ಅಂದರೆ, ಮೊದಲು ನಿಮ್ಮ ಊರಲ್ಲೇ ಶುರು ಮಾಡು. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಇದೆ. ಓದು ಬರಹದ ತೊಂದರೆಯೂ ಇರಬಹುದು ಅನ್ನಿಸಿದರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗು. ಅಲ್ಲಿ ಮಾತು, ಕಿವಿ ಮಾತ್ರ ನೋಡುತ್ತಾರೆ ಅಂದುಕೊಳ್ಳಬೇಡ, ಮಕ್ಕಳ ಮನಸ್ಸು, ನಡವಳಿಕೆ ನೋಡುವ ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಅಂತಲೇ ಪ್ರತ್ಯೇಕ ವಿಭಾಗ ಇದೆ. ಖರ್ಚು ಕಡಿಮೆ, ಆದರೆ ಜನ ಜಾಸ್ತಿ, ಬೆಳಗ್ಗೆ ಬೇಗ ಹೋಗಿ ಕಾಯಬೇಕು. ಧಾರವಾಡದ ಕಡೆಯವರು ಗ್ರೂಪಿನಲ್ಲಿ ಇದ್ದೀರಲ್ಲ, ನಿಮಗೆ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಯಾವುದಕ್ಕೂ ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ರಾತ್ರಿ ಹಗಲು ಯಾವಾಗಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರೈವೇಟ್ ಆದರೆ ಒಂದು ವಿಷಯ ನೆನಪಿಟ್ಟುಕೋ. ಕೌನ್ಸೆಲರ್ ಅನ್ನುವ ಬೋರ್ಡನ್ನು ಸಣ್ಣ ಕೋರ್ಸ್ ಮಾಡಿದವರೂ ಹಾಕಿಕೊಳ್ಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಅನ್ನುವ ಸರ್ಕಾರಿ ಸಂಸ್ಥೆಯಲ್ಲಿ ನೋಂದಣಿ ಮಾಡಿಸಿರಬೇಕು. ಅದಕ್ಕೊಂದು ನಂಬರ್ ಇರುತ್ತೆ. ಕೇಳುವುದರಲ್ಲಿ ಸಂಕೋಚ ಬೇಡ, ಸರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಆಮೇಲೆ ಇನ್ನೆರಡು ಕೇಳು: ನಮ್ಮನ್ನೂ ಒಳಗೆ ಕರೆಯುತ್ತೀರಾ? ಶಾಲೆಯ ಮಿಸ್ ಜೊತೆ ಮಾತಾಡುತ್ತೀರಾ? ಇಷ್ಟರಲ್ಲೇ ಅರ್ಧ ಗೊತ್ತಾಗುತ್ತೆ. ಅವನು ಮನೆಯಲ್ಲಿ ಆಡುವ ಭಾಷೆ ಅವರಿಗೆ ಬರಬೇಕು, ಅದೂ ಮುಖ್ಯ. ಸಿಟ್ಟು, ಬೇಜಾರು ಎಲ್ಲಾ ಕನ್ನಡದಲ್ಲಿ ಹೇಳುವ ಹುಡುಗನ ಹತ್ತಿರ ಇಂಗ್ಲಿಷ್‌ನಲ್ಲಿ ಕೇಳಿದರೆ ಸುಮ್ನೆ ತಲೆ ಆಡಿಸಿ ಕೂರುತ್ತಾನೆ.

ಮೊದಲ ಒಂದೆರಡು ಸಲ ಬರೀ ಪ್ರಶ್ನೆಗಳೇ ಇರುತ್ತವೆ. ಹೆರಿಗೆ ಹೇಗಾಯಿತು, ಯಾವಾಗ ನಡೆದ, ಯಾವಾಗ ಮಾತಾಡಿದ, ಎಷ್ಟು ಹೊತ್ತು ಮಲಗುತ್ತಾನೆ, ಮನೆಯಲ್ಲಿ ಜಗಳ ಇದೆಯಾ ಅಂತೆಲ್ಲಾ ಕೇಳುತ್ತಾರೆ. ನಮ್ಮ ತಪ್ಪು ಹುಡುಕುತ್ತಿದ್ದಾರೆ ಅಂತ ಭಾವನವರಿಗೆ ಅನ್ನಿಸಬಹುದು, ಮೊದಲೇ ಹೇಳಿಟ್ಟಿರು. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ ಅನ್ನಬಹುದು, ಓದು, ಲೆಕ್ಕ ಎಷ್ಟು ಬರುತ್ತೆ ಅಂತಲೂ ನೋಡಬಹುದು. ಇದಕ್ಕೆ ಕಾರಣ ಇದೆ. ಓದಲು ಕಷ್ಟಪಡುವ ಮಗು ಓದಿಸುವ ಪೀರಿಯಡ್‌ನಲ್ಲೇ ಗಲಾಟೆ ಮಾಡುವುದುಂಟು. ಮಿಸ್ ಹೊರಗೆ ನಿಲ್ಲಿಸುತ್ತಾರೆ, ಓದುವುದು ತಪ್ಪುತ್ತೆ. ನಾಳೆ ಮತ್ತೆ ಅದೇ ಗಲಾಟೆ. ಯಾವ ಪೀರಿಯಡ್‌ನಲ್ಲಿ ಹೊಡೆದಾಟ ಜಾಸ್ತಿ ಅಂತ ಮಿಸ್ ಹತ್ತಿರ ಈಗಲೇ ಕೇಳಿ ಬರೆದಿಟ್ಟುಕೋ.

ಆಮೇಲೆ ಅವರು ನೋಟ್‌ಬುಕ್ ಬರೆಯಲು ಹೇಳುತ್ತಾರೆ. ನನ್ನ ಮಟ್ಟಿಗೆ ಎಲ್ಲದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿದ್ದು ಇದು. ಪುಟದಲ್ಲಿ ಮೂರು ಭಾಗ. ಮೊದಲು ಏನು ನಡೆಯುತ್ತಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು. "ಸಂಜೆ ಆರೂವರೆ, ಮೊಬೈಲ್ ತೆಗೆದುಕೊಂಡೆ. ಕಿರುಚಿ ಸ್ಟೀಲ್ ಲೋಟ ಎಸೆದ. ಅಜ್ಜಿ ಬಂದು ಅಳಬೇಡ ಕಂದ ಅಂತ ಮೊಬೈಲ್ ಕೊಟ್ಟರು." ಇಂಥವೇ ಒಂದು ವಾರ ಬರೆದ ಮೇಲೆ ಪುಟ ನೋಡಿದರೆ ಸಾಕು. ಲೋಟ ಎಸೆದಾಗಲೆಲ್ಲಾ ಮೊಬೈಲ್ ವಾಪಸ್ ಬಂದಿದೆ! ಅವನ ಲೆಕ್ಕದಲ್ಲಿ ಎಸೆಯುವುದು ಕೆಲಸ ಮಾಡುತ್ತಿದೆ. ನಮ್ಮ ಥೆರಪಿಸ್ಟ್ ಯಾರನ್ನೂ ಬೈಯಲಿಲ್ಲ. ಮುಂದಿನ ಸಲ ಅತ್ತೆಯನ್ನೂ ಕರೆಸಿ, ಎಲ್ಲರೂ ಒಂದೇ ಮಾತು ಹೇಳುವುದು ಹೇಗೆ ಅಂತ ಅಲ್ಲೇ ಕೂತು ಒಪ್ಪಿಸಿದರು. ಕಿತ್ತುಕೊಳ್ಳುವ ಬದಲು ಐದು ನಿಮಿಷ ಮೊದಲೇ ಹೇಳುವುದು, ಟೈಮ್ ಆದ ಮೇಲೆ ಒಂದೇ ಸಲ ಹೇಳುವುದು, ತಾನಾಗಿ ಕೊಟ್ಟರೆ ಆ ಕ್ಷಣವೇ "ಕೇಳಿದ ತಕ್ಷಣ ಕೊಟ್ಟೆಯಲ್ಲ, ಖುಷಿಯಾಯಿತು" ಅನ್ನುವುದು. ಬರೀ "ಗುಡ್ ಬಾಯ್" ಅಂದರೆ ಯಾವುದಕ್ಕೆ ಹೊಗಳಿದರು ಅಂತ ಮಗುವಿಗೆ ತಿಳಿಯುವುದಿಲ್ಲ.

ಇನ್ನೊಂದು, ದಿನಕ್ಕೆ ಹತ್ತು ಹದಿನೈದು ನಿಮಿಷ ಅವನ ಜೊತೆ ಆಟ. ಅವನು ಹೇಳಿದ ಆಟ, ಅವನ ರೂಲ್ಸ್. ಕಲಿಸುವ ಹಾಗಿಲ್ಲ, ಪ್ರಶ್ನೆ ಕೇಳುವ ಹಾಗಿಲ್ಲ. ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಕಾರುಗಳನ್ನು ಸಾಲಾಗಿ ಜೋಡಿಸುತ್ತಿದ್ದರೆ "ಎಷ್ಟಿದೆ ಎಣಿಸು ನೋಡೋಣ" ಅಂತ ಬಾಯಿಗೆ ಬಂದೇಬಿಡುತ್ತೆ. "ಓ, ಕೆಂಪು ಕಾರು ಮುಂದೆ ಬಂತು" ಅಂದರೆ ಸಾಕು. ಅವತ್ತು ಅವನು ಎಷ್ಟೇ ಗಲಾಟೆ ಮಾಡಿದ್ದರೂ ಈ ಆಟ ತಪ್ಪಿಸಬಾರದು, ಶಿಕ್ಷೆಯಾಗಿ ಬಳಸಬಾರದು. ದಿನವಿಡೀ ಬೈಸಿಕೊಳ್ಳುವ ಮಗುವಿಗೆ ನಮ್ಮ ಜೊತೆ ಒಳ್ಳೆಯ ಹೊತ್ತು ಅಂತ ಉಳಿದಿರುವುದೇ ಅಷ್ಟು.

ಸುಮಾ, ಈಗ ಹೇಳುವುದನ್ನು ಗಟ್ಟಿಯಾಗಿ ಹಿಡಿದುಕೋ. ಕೇಳಿದ್ದು ಸಿಗುವುದು ನಿಂತಾಗ ಶುರುವಿನಲ್ಲಿ ಗಲಾಟೆ ಇನ್ನೂ ಜಾಸ್ತಿ ಆಗಬಹುದು. ಇಷ್ಟು ದಿನ ನಡೆಯುತ್ತಿದ್ದದ್ದು ಈಗ ನಡೆಯುತ್ತಿಲ್ಲ, ಇನ್ನೂ ಜೋರಾಗಿ ಪ್ರಯತ್ನಿಸುತ್ತಾನೆ. ತುಂಬಾ ಜನ ಇಲ್ಲೇ ಥೆರಪಿ ಬಿಡುತ್ತಾರೆ. ಆಗ ಸೋತು ಕೊಟ್ಟುಬಿಟ್ಟರೆ ಇನ್ನೂ ಜೋರಾಗಿ ಕಿರುಚಬೇಕು ಅಂತ ಅವನಿಗೆ ಪಾಠ ಆಗುತ್ತೆ. ಅವನಿಗೋ ಬೇರೆಯವರಿಗೋ ಏಟಾಗುವ ಹಾಗಿದ್ದರೆ ಮಾತ್ರ ಮೊದಲು ತಡೆಯಬೇಕು. ಅದನ್ನು ಹೇಗೆ ಅಂತಲೂ ಅವರ ಹತ್ತಿರ ಮೊದಲೇ ಕೇಳಿಕೋ. ನಮ್ಮಲ್ಲಿ ಬದಲಾವಣೆ ಕಾಣಲು ಕೆಲವು ತಿಂಗಳು ಹಿಡಿಯಿತು.

ಮಾತ್ರೆ ಬಗ್ಗೆ ಭಾವ ಕೇಳಿದರು. ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಅದು ಮನೋವೈದ್ಯರ ಕೆಲಸ. ಬರೀ ಹಟಕ್ಕೆ ಇಷ್ಟು ಚಿಕ್ಕವರಿಗೆ ಮೊದಲು ಥೆರಪಿಯೇ. ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ, ಅಂತ ಗೊತ್ತಾದರೆ ಕೆಲವು ಮಕ್ಕಳಿಗೆ ಮಾತ್ರೆ ಬೇಕಾಗುತ್ತೆ, ಆಗ ಅವರು ಹೇಳಿದ ಹಾಗೆ ಕೊಡಿ, ಹೆದರಬೇಡಿ. ಊರೆಲ್ಲಾ ಗೊತ್ತಾಗುತ್ತೆ ಅನ್ನುವ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಆಸ್ಪತ್ರೆಯವರು ವಿಷಯ ಗುಟ್ಟಾಗಿ ಇಡಬೇಕು. ಶಾಲೆಗೆ ಎಷ್ಟು ಹೇಳಬೇಕು ಅಂತ ನೀವೇ ತೀರ್ಮಾನ ಮಾಡಿ.

ಮಗನಿಗೆ ಏನು ಹೇಳಿ ಕರೆದುಕೊಂಡು ಹೋಗಲಿ ಅಂತ ಕೊನೆಯಲ್ಲಿ ಕೇಳಿದ್ದೀಯ. ಇಂಜೆಕ್ಷನ್ ಕೊಡಿಸುತ್ತೇನೆ ಅಂತ ಹೆದರಿಸಬೇಡ, ಪಾರ್ಕಿಗೆ ಅಂತ ಸುಳ್ಳೂ ಬೇಡ. "ನಿನಗೆ ಸಿಟ್ಟು ಬಂದಾಗ ನಮಗೆಲ್ಲಾ ಕಷ್ಟ ಆಗುತ್ತೆ, ನಿನಗೂ ಆಗುತ್ತೆ. ಏನು ಮಾಡಬಹುದು ಅಂತ ಒಬ್ಬರನ್ನು ಕೇಳಿಕೊಂಡು ಬರೋಣ, ನಾನೂ ಅಪ್ಪನೂ ಜೊತೆಗೇ ಇರುತ್ತೇವೆ" ಅನ್ನು. ಸೋಮವಾರ ಆಸ್ಪತ್ರೆಗೆ ಫೋನ್ ಮಾಡಿ ಮಕ್ಕಳನ್ನು ಯಾವ ದಿನ ನೋಡುತ್ತಾರೆ ಅಂತ ವಿಚಾರಿಸು. ನೋಟ್‌ಬುಕ್ ಇವತ್ತಿನಿಂದಲೇ ಶುರು ಮಾಡು, ಮೊದಲ ಸಲ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗು.