ಊರಲ್ಲಿ ಬಡ ಕುಟುಂಬಗಳಿಗೆ ಕಿಟ್ ಹಂಚೋದು ಬಿಟ್ಟು ಬೇರೆ ಏನಾದ್ರೂ ಮಾಡ್ಬೋದಾ?

ಕೆರೆಏರಿ_ಹುಡುಗ:
ನಾವೊಂದಿಷ್ಟು ಜನ ಬೆಂಗಳೂರಲ್ಲಿ ಕೆಲಸ ಮಾಡೋರು, ಊರು ಕೊಪ್ಪಳ ಕಡೆ. ಹಬ್ಬಕ್ಕೆ ಹೋದಾಗೆಲ್ಲ ದುಡ್ಡು ಸೇರಿಸಿ ರೇಷನ್ ಕಿಟ್, ನೋಟ್‌ಬುಕ್ಕು ಹಂಚ್ತೀವಿ, ಫೋಟೋನೂ ಆಗತ್ತೆ, ಮುಂದಿನ ವರ್ಷ ಹೋದ್ರೆ ಅದೇ ಮನೆಯವ್ರು ಅದೇ ಲೈನಲ್ಲಿ. ಅರ್ಧಕ್ಕರ್ಧ ಮನೆ ಸುಗ್ಗಿ ಮುಗಿದ್ಮೇಲೆ ಗುಳೆ ಹೋಗತ್ತೆ. ದುಡ್ಡಿಗಿಂತ ಟೈಮ್ ಕೊಟ್ಟು ಏನಾದ್ರೂ ಗಟ್ಟಿಯಾಗಿ ಮಾಡ್ಬೇಕು ಅಂತಿದೀವಿ. ಮಹಿಳಾ ಸಂಘ ಮಾಡ್ಸೋಣ ಅಂತಾನೆ ಒಬ್ಬ. ಅನುಭವ ಇರೋರು ಹೇಳಿ.

ಒಕ್ಕೂಟದ_ಲೆಕ್ಕ:
ಹೊಸ ಸಂಘ ಮಾತ್ರ ಮಾಡ್ಸೋಕೆ ಹೋಗ್ಬೇಡಿ ಪ್ಲೀಸ್. ನಾನು ಸಂಜೀವಿನಿ ಒಕ್ಕೂಟದಲ್ಲಿ (ಪಂಚಾಯ್ತಿಯ ಮಹಿಳಾ ಸಂಘಗಳೆಲ್ಲ ಸೇರಿರೋದು) ಎಂಬಿಕೆ, ಅಂದ್ರೆ ಮುಖ್ಯ ಪುಸ್ತಕ ಬರಹಗಾರ್ತಿ, ಲೆಕ್ಕ ಬರಿಯೋದೇ ಕೆಲಸ. ಸರ್ಕಾರದ ಮಹಿಳಾ ಸಂಘಗಳ ಯೋಜನೆ ಸ್ತ್ರೀಶಕ್ತಿ 2000-01ರಲ್ಲೇ ಶುರುವಾಗಿದ್ದು, ನಿಮ್ಮೂರಲ್ಲೂ ಒಂದೆರಡು ಸಂಘ ಇದ್ದೇ ಇರ್ತಾವೆ, ಮಲಗಿರ್ತಾವೆ ಅಷ್ಟೇ. ಮಲಗಿಸೋದು ಬರೀ ದುಡ್ಡಿನ ಕೊರತೆ ಅಲ್ಲ, ಲೆಕ್ಕದ ಪುಸ್ತಕ. ಬರಿಯೋಕೆ ಬರೋ ಹುಡುಗಿ ಒಬ್ಬಳೇ ಇರ್ತಾಳೆ, ಅವಳು ಮದ್ವೆಯಾಗಿ ಹೋದ್ಲು ಅಂದ್ರೆ ಯಾರ್ ಎಷ್ಟು ಕಟ್ಟಿದ್ರು ಅನ್ನೋದೇ ತಿಳಿಯಲ್ಲ, ಆಮೇಲೆ ಅನುಮಾನ, ಜಗಳ, ವಾರದ ಸಭೆ ನಿಂತೋಗತ್ತೆ, ಅಷ್ಟೊತ್ತಿಗೆ ಮೈಕ್ರೋ ಫೈನಾನ್ಸ್‌ನೋರು ಬಾಗಿಲಿಗೇ ಬಂದಿರ್ತಾರೆ (ಅವರ ವಸೂಲಿ ಕಾಟಕ್ಕೆ 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತರ್ಬೇಕಾಯ್ತು, ನೆನಪಿರ್ಬೇಕು). ನಿಮ್ಮಲ್ಲಿ ಯಾರಾದ್ರೂ ತಿಂಗಳಿಗೊಂದ್ಸಲ ಬಂದು ಲೆಡ್ಜರ್ ಬರಿಯೋದು ಕಲಿಸಿ. ಹುಡುಗೀರಿಗಲ್ಲ, ಊರಿಗೆ ಬಂದಿರೋ ಸೊಸೆಯಂದಿರಿಗೆ. ಸಭೆ ಮುಗಿಯೋ ಮುಂಚೆ ಪ್ರತಿಯೊಬ್ಬರ ಉಳಿತಾಯ, ಸಾಲದ ಬಾಕಿ ಎಲ್ರ ಎದುರಿಗೆ ಜೋರಾಗಿ ಓದ್ಸಿ. ಲೆಕ್ಕದ ಮೇಲೆ ನಂಬಿಕೆ ಬಂತು ಅಂದ್ರೆ ಆಸ್ಪತ್ರೆ ಖರ್ಚಿಗೆ ಸಂಘದೊಳಗೇ ಸಾಲ ಹುಟ್ಟತ್ತೆ.

ರಾಯಚೂರ_ಮಂದಿ:
ಅಕ್ಕಾರು ಹೇಳಿದ್ದು ಖರೆ ಐತ್ರಿ. ಆದ್ರ ಗುಳೆ ಹೋಗೋರು ಸಂಘದಾಗ ಉಳಿಯೂದಿಲ್ಲ, ವಾರಾ ವಾರಾ ಎಲ್ಲಿಂದ ಕಟ್ಟತಾರ? ಬಾಳ ಬಡವ್ರನ್ನ ಬಿಟ್ಟು ನಡುವಿನವ್ರಷ್ಟ ಮ್ಯಾಲ ಬರ್ತಾರ, ಎಲ್ಲಾ ಕಡೆ ಅದ ಹಣೇಬರಹ. ಕೇರಳದಾಗ 1998ರಿಂದ ಕುಟುಂಬಶ್ರೀ ಅಂತ ಹೆಣ್ಮಕ್ಕಳ ಸಂಘಗಳ ಸರ್ಕಾರಿ ಯೋಜನಾ ಐತಿ, ಅಷ್ಟಿದ್ರೂ ಕಟ್ಟಕಡೀ ಮನಿಗೋಳು ಉಳಕೊಂಡಿದ್ವು. 2021ರಿಂದ ಅಂಥಾ ಮನಿ ಬ್ಯಾರೇನ ಹುಡುಕಿದ್ರು, 64,006 ಕುಟುಂಬ ಸಿಕ್ವು, ಒಂದೊಂದು ಮನಿಗೂ ಒಂದೊಂದು ಪ್ಲಾನ್, ಮೊದ್ಲು ರೇಷನ್ ಕಾರ್ಡ್ ಆಧಾರ್ ಇಂಥಾ ಕಾಗದಪತ್ರ, ಆಮ್ಯಾಲ ಔಷಧ, ಮನಿ, ದುಡಿಮಿ. 2025ರ ನವೆಂಬರ್ 1ಕ್ಕ ಕಡುಬಡತನ ಮುಗೀತು ಅಂತ ಘೋಷಣಾ ಮಾಡಿದ್ರು. ಘೋಷಣಾದ ಬಗ್ಗೆ ತಕರಾರು ಅದಾವು ಬಿಡ್ರಿ, ಆದ್ರ ಮನಿ ಮನಿ ಲೆಕ್ಕಾ ತಗೊಂಡ ಪದ್ಧತಿ ಮಾತ್ರ ಚಲೋ. ನಿಮ್ಮೂರಾಗೂ ಹಂಗ ಕುಂತು ಕೇಳ್ರಿ. ಆಧಾರ್‌ದಾಗ ಈರಮ್ಮ, ಪಾಸ್‌ಬುಕ್‌ನ್ಯಾಗ ವೀರಮ್ಮ ಅಂತ ಇದ್ದದ್ದಕ್ಕ ಸಂಧ್ಯಾ ಸುರಕ್ಷಾ (ವಯಸ್ಸಾದವ್ರ ಪಿಂಚಣಿ) ರೊಕ್ಕ ನಿಂತ ಮುದುಕಿ ಒಬ್ಬಾಕಿಯಾರ ಸಿಕ್ಕ ಸಿಗತಾಳ. ಅಂಥಾಕಿಗೆ ಕಿಟ್ ಯಾಕ್ರಿ, ಜೋಡಿ ಹೋಗಿ ಆ ಹೆಸರು ಸರಿ ಮಾಡಿಸ್ರಿ.

ಕೆರೆಏರಿ_ಹುಡುಗ:
ಇಬ್ರಿಗೂ ಥ್ಯಾಂಕ್ಸ್. ಗುಳೆ ಹೋದೋರ ರೇಷನ್ ಏನ್ ಮಾಡೋದು?

ಒಕ್ಕೂಟದ_ಲೆಕ್ಕ:
ಒನ್ ನೇಷನ್ ಒನ್ ರೇಷನ್ ಕಾರ್ಡ್ ಇದೆಯಲ್ಲ, ಹೋದಲ್ಲೇ ತಗೋಬೋದು, ಆದ್ರೆ ಇ-ಕೆವೈಸಿ, ಅಂದ್ರೆ ಆಧಾರ್ ಮೂಲಕ ಗುರುತು ದೃಢೀಕರಣ, ಆಗಿರ್ಬೇಕು. ಅವರು ಊರು ಬಿಡೋ ಮುಂಚೆ ಮಾಡ್ಸಿ. ಉಳಿತಾಯಾನೂ ವಾರಾ ವಾರಾ ಅಂತ ಹಠ ಮಾಡ್ಬೇಡಿ, ಬಂದ್ಮೇಲೆ ಒಟ್ಟಿಗೆ ಕಟ್ಲಿ, ಸದಸ್ಯತ್ವ ತೆಗಿಬಾರ್ದು ಅಂತ ಸಭೇಲಿ ಠರಾವು ಬರೆಸ್ಕೊಳ್ಳಿ. ಒಪ್ಪಿಸೋದು ಸ್ವಲ್ಪ ಕಷ್ಟಾನೇ, ಜಗಳ ಆಗತ್ತೆ.