ಸ್ಪ್ಯಾನಿಷ್‌ನಲ್ಲಿ ‘ಹಾಗಾಗಿ’ ಹೇಳಲು ‘ಅಸೀ ಕೆ’ ಒಂದೇ ಸಾಕಾ?

ಸುಮಾ: ಬಿ2 ಮಟ್ಟದ (ಮಧ್ಯಮಕ್ಕಿಂತ ಮೇಲಿನ ಹಂತದ) ಸ್ಪ್ಯಾನಿಷ್ ಪಾಠದಲ್ಲಿ ಪರಿಣಾಮ ಹೇಳುವ ಪದಗಳ ಉದ್ದ ಪಟ್ಟಿ ಬಂದಿದೆ. ಅಸೀ ಕೆ, ಪೋರ್ ಲೊ ತಾಂತೊ, ದೆ ಮೋದೊ ಕೆ, ದೆ ಆಯೀ ಕೆ, ಕೊಂಕೆ. ಎಲ್ಲದರ ಮುಂದೂ ‘ಹಾಗಾಗಿ’ ಅಂತಲೇ ಬರೆದಿದೆ. ಅಸೀ ಕೆ ಒಂದನ್ನೇ ಕಲಿತರೆ ಸಾಕಲ್ವಾ?

ರಘು: ಸಾಕು. ‘ಯುಯೇಬೆ, ಅಸೀ ಕೆ ನೊ ಸಾಲ್ಗೊ.’ ಮಳೆ ಬರ್ತಿದೆ, ಹಾಗಾಗಿ ಹೊರಗೆ ಹೋಗಲ್ಲ. ಮಾತಿನಲ್ಲಿ ಎಲ್ಲ ಕಡೆ ಇದೇ ನಡೆಯುತ್ತದೆ. ಮೊದಲು ಒಂದು ಬಾಯಿಗೆ ಬರಲಿ. ಪಟ್ಟಿ ಬಾಯಿಪಾಠ ಮಾಡಿ ಸುಮ್ನೆ ಹೆದರಬೇಡಿ.

ನಾಗರತ್ನ: ಮಾತಾಡಲು ಸಾಕು, ಓದಲು ಸಾಲದು. ‘ಆಬ್ಲೊ ದೆ ಮೋದೊ ಕೆ ತೋದೋಸ್ ಲೊ ಎಂತೆಂದಿಯೇರೋನ್’ ಅಂದರೆ ಅವನು ಮಾತಾಡಿದ, ಎಲ್ಲರಿಗೂ ಅರ್ಥವಾಯಿತು. ಕೊನೆಯ ಕ್ರಿಯಾಪದ ‘ಎಂತೆಂದಿಯೇರಾನ್’ ಆದರೆ ಅರ್ಥವಾಗಲಿ ಅಂತ ಮಾತಾಡಿದ, ಆಯಿತೋ ಇಲ್ಲವೋ ಗೊತ್ತಿಲ್ಲ. ಒಂದು ಸ್ವರದಲ್ಲಿ ಪರಿಣಾಮ ಹೋಗಿ ಉದ್ದೇಶ ಬಂತು. ನಮ್ಮ ‘ಅರ್ಥವಾಗುವ ಹಾಗೆ ಮಾತಾಡಿದ’ ಎರಡಕ್ಕೂ ಸಲ್ಲುತ್ತದೆ. ಅದಕ್ಕೇ ನಾವು ಇಲ್ಲಿ ಜಾಸ್ತಿ ಎಡವುತ್ತೇವೆ.

ಸುಮಾ: ಅಂದರೆ ನಿಜವಾಗಿ ನಡೆದದ್ದಕ್ಕೆ ‘ಎಂತೆಂದಿಯೇರೋನ್’ ಥರದ ಇಂಡಿಕೇಟಿವ್ ಕ್ರಿಯಾರೂಪ, ನಡೆಯಲಿ ಅನ್ನುವುದಕ್ಕೆ ‘ಎಂತೆಂದಿಯೇರಾನ್’ ಥರದ ಸಬ್‌ಜಂಕ್ಟಿವ್. ಹಾಗಾದರೆ ‘ಎಸ್ತಾಬಾ ಎನ್‌ಫೇರ್ಮಾ, ದೆ ಆಯೀ ಕೆ ನೊ ಬಿನಿಯೇರಾ’ ಅನ್ನುವಲ್ಲಿ ಸಬ್‌ಜಂಕ್ಟಿವ್ ‘ಬಿನಿಯೇರಾ’ ಏಕೆ? ಅವಳಿಗೆ ಹುಷಾರಿರಲಿಲ್ಲ, ಬರಲೂ ಇಲ್ಲ. ನಡೆದದ್ದೇ ತಾನೇ?

ನಾಗರತ್ನ: ಒಳ್ಳೆಯ ಪ್ರಶ್ನೆ. ಅವಳು ಬರಲಿಲ್ಲ ಅನ್ನುವುದು ಕೇಳುವವರಿಗೆ ಮೊದಲೇ ಗೊತ್ತು. ಏಕೆ ಅನ್ನುವುದೇ ಹೊಸ ಸುದ್ದಿ. ಗೊತ್ತಿರುವ ವಿಷಯವನ್ನು ಇಲ್ಲಿ ಮತ್ತೆ ಸಾರಿ ಹೇಳುತ್ತಿಲ್ಲ, ಅದಕ್ಕೆ ಕಾರಣ ಜೋಡಿಸುತ್ತಿದ್ದೇವೆ. ಅಸೀ ಕೆ ಬಳಸಿದರೆ ಬರಲಿಲ್ಲ ಅನ್ನುವುದೇ ಸುದ್ದಿ, ಆಗ ಇಂಡಿಕೇಟಿವ್ ‘ನೊ ಬೀನೊ’. ನಿಜ, ಸುಳ್ಳು ಅನ್ನುವ ಒಂದೇ ಅಳತೆ ಹಿಡಿದು ಸಬ್‌ಜಂಕ್ಟಿವ್ ಕಲಿಸುವುದು ನನಗೆ ಒಪ್ಪಿಗೆಯಿಲ್ಲ.

ಇಮ್ರಾನ್: ಬರೆಯುವವರಿಗೆ ಒಂದು ಮಾತು. ಪೋರ್ ಲೊ ತಾಂತೊ ಸಂಯೋಜಕ (ವಾಕ್ಯಗಳನ್ನು ಜೋಡಿಸುವ ಪದ) ಅಲ್ಲ, ಕ್ರಿಯಾವಿಶೇಷಣದ ಹಾಗೆ ನಿಲ್ಲುತ್ತದೆ. ಅದರ ಹಿಂದೆ ‘ಇ’, ಅಂದರೆ ‘ಮತ್ತು’, ಸೇರಿಸಬಹುದು. ‘ಇ ಅಸೀ ಕೆ’ ಅಂತ ಜೋಡಿಸಲಾಗದು. ಅಸೀ ಕೆಗೆ ಅಲ್ಪವಿರಾಮ ಹಿಂದೆ ಬರುತ್ತದೆ, ಪೋರ್ ಲೊ ತಾಂತೊ ಆದಮೇಲೂ ಹಾಕುವುದು ರೂಢಿ.

ರಘು: ಓದಿನ ವಿಷಯ ಒಪ್ಪಿದೆ. ಆದರೂ ದೆ ಆಯೀ ಕೆ ಹೆಚ್ಚಾಗಿ ಬರವಣಿಗೆಯದು. ಮಾತು ಕಲಿಯುವವರು ಅಸೀ ಕೆ ಜೊತೆ ‘ತಾನ್... ಕೆ’ ಹಿಡಿಯಲಿ. ‘ಎಸ್ತಾಬಾ ತಾನ್ ಕಾನ್ಸಾದೊ ಕೆ ಸೆ ದುರ್ಮಿಯೊ’, ಎಷ್ಟು ಸುಸ್ತಾಗಿತ್ತೆಂದರೆ ನಿದ್ದೆಹೋದ. ದಿನಬಳಕೆಗೆ ಇದು ಜಾಸ್ತಿ ಬೇಕು.

ನಾಗರತ್ನ: ಅದು ಸರಿ. ಸುಮಾ, ಆಮೇಲೆ ದೆ ಮೋದೊ ಕೆ ಕಲಿಯಿರಿ. ಎರಡು ರೂಪದಲ್ಲೂ ವಾಕ್ಯ ಬರೆದು ಇಲ್ಲಿ ಹಾಕಿ, ನೋಡುತ್ತೇನೆ.