ಪಾರ್ಕಿನಲ್ಲಿ ನೀರಿನ ಟ್ಯಾಂಕ್, ಓಣಿಯಲ್ಲಿ ಜಗಳ: ನಿಮ್ಮ ಅನುಭವ ಹೇಳಿ

ನಮ್ಮದು ಹಾವೇರಿ ಕಡೆಯ ಒಂದು ಪುರಸಭೆ ಊರು. ಬಡಾವಣೆಯ ಪಾರ್ಕಿನಲ್ಲಿ 5 ಲಕ್ಷ ಲೀಟರಿನ ಓವರ್‌ಹೆಡ್ ಟ್ಯಾಂಕ್ ಕಟ್ಟಲು ಹೊರಟಿದ್ದಾರೆ. ಹೋದ ವಾರ ಜೆಸಿಬಿ ಬಂದು ನಾವೇ ನೆಟ್ಟ ಎರಡು ಹೊಂಗೆ ಮರ ಕಿತ್ತು ಹಾಕಿತು. ನಮಗೆ ವಿಷಯ ಗೊತ್ತಾಗಿದ್ದೇ ಆಗ. ಪಾರ್ಕಿಗೂ ನಮ್ಮ ಮನೆಗೂ ನಡುವೆ ಹನ್ನೆರಡು ಅಡಿ ದಾರಿ ಇದೆ, ಅಷ್ಟೇ. ಅಪ್ಪ ಕೆಲಸ ನಿಲ್ಲಿಸಿ ಅಂತ ಅರ್ಜಿ ಬರೆದರು. ನಮ್ಮ ಸಾಲಿನ ಹನ್ನೊಂದು ಮನೆಯವರು ಸಹಿ ಹಾಕಿದರು. ಕೆಳಗಿನ ಸಾಲಿನವರು ಟ್ಯಾಂಕ್ ಬೇಕೇ ಬೇಕು ಅನ್ನುತ್ತಾರೆ. ಅವರಿಗೆ ಎಂಟು ದಿನಕ್ಕೊಮ್ಮೆ ನೀರು. ಇಪ್ಪತ್ತು ವರ್ಷದಿಂದ ಪ್ರತಿ ಯುಗಾದಿಗೆ ಮನೆಗೆ ಬಂದು ಬೇವು-ಬೆಲ್ಲ ಕೊಡುತ್ತಿದ್ದ ಕೆಳಗಿನ ಸಾಲಿನ ಕಾಕಾ ಈಗ ಅಪ್ಪನ ಮುಖ ನೋಡುತ್ತಿಲ್ಲ. ಮೊನ್ನೆ ನಳದ ಹತ್ತಿರ ಮಾತು ಬೆಳೆದು ಕೈ ಕೈ ಮಿಲಾಯಿಸುವ ತನಕ ಹೋಯಿತು. ಟ್ಯಾಂಕ್ ಬಿದ್ದರೆ ಅನ್ನುವ ಭಯ ನನಗಂತೂ ನಿಜವಾಗಿಯೂ ಇದೆ. ಆದರೆ ಅವರ ಕಷ್ಟವೂ ಸುಳ್ಳಲ್ಲ. ಇಂಥದ್ದನ್ನು ಕಂಡವರು ಏನು ಮಾಡಿದಿರಿ, ದಯವಿಟ್ಟು ತಿಳಿಸಿ.

*

ಮೊದಲು ಒಂದು ಮಾತು ತಂಗಿ. ಜೆಸಿಬಿ ಮುಂದೆ ಹೋಗಿ ನಿಲ್ಲಬೇಡಿ, ಅಪ್ಪನನ್ನೂ ನಿಲ್ಲಲು ಬಿಡಬೇಡಿ. ನಮ್ಮ ಕಡೆ ಮೂವರು ಹಿರಿಯರು ಹಾಗೆ ನಿಂತರು. ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ದೂರು ಬಿತ್ತು. ಎರಡು ವರ್ಷ ಕೋರ್ಟಿಗೆ ಅಲೆದರು. ಟ್ಯಾಂಕ್ ಅಷ್ಟರಲ್ಲಿ ಎದ್ದು ನಿಂತಿತ್ತು.

ಇವತ್ತೇ ಮಾಡಬಹುದಾದ ಕೆಲಸ ಇನ್ನೊಂದಿದೆ. ನಿಮ್ಮ ಮನೆಯ ಗೋಡೆ, ಕಾಂಪೌಂಡ್, ಸಂಪು, ನೆಲ ಎಲ್ಲದರ ಫೋಟೋ ತೆಗೆದಿಡಿ. ಆ ದಿನದ ಪೇಪರನ್ನು ಪಕ್ಕದಲ್ಲಿ ಹಿಡಿದು ತೆಗೆಯಿರಿ. ಈಗಿರುವ ಬಿರುಕಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಪಾಯ ತೋಡುವಾಗ ಹಳೇ ಮನೆಗಳ ಗೋಡೆ ಬಿರಿಯುವುದು ಉಂಟು. ಆಮೇಲೆ ಕೇಳಲು ಹೋದರೆ "ಇದು ಮೊದಲೇ ಇತ್ತು" ಅನ್ನುತ್ತಾರೆ. ನಮಗೆ ಹಾಗೇ ಆಯಿತು. ತೋರಿಸಲು ಒಂದು ಫೋಟೋ ಕೂಡ ಇರಲಿಲ್ಲ.

*

ಆರು ವರ್ಷದ ಹಿಂದೆ ನಮ್ಮ ಬಡಾವಣೆಯಲ್ಲಿ ಹೆಚ್ಚು ಕಡಿಮೆ ಇದೇ ನಡೆಯಿತು. ವಿರೋಧ ಮಾಡಿದವರಲ್ಲಿ ನಾನೇ ಮುಂದೆ ಇದ್ದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಾವು ಮಾಡಿದ ದೊಡ್ಡ ತಪ್ಪು ಅಂದರೆ, ಕಾಗದ ನೋಡದೆ ಜಗಳಕ್ಕೆ ಇಳಿದದ್ದು. ಒಬ್ಬರು ಎತ್ತರ ಅರವತ್ತು ಅಡಿ ಅಂದರು, ಇನ್ನೊಬ್ಬರು ನೂರು ಅಂದರು. ಯಾರದ್ದೋ ಸೈಟಿಗೆ ಬೆಲೆ ಬರಲಿ ಅಂತ ಜಾಗ ಬದಲಿಸಿದರು ಅನ್ನುವ ಸುದ್ದಿ ಹಬ್ಬಿತು. ಅದು ನಿಜವೋ ಸುಳ್ಳೋ ಇವತ್ತಿಗೂ ತಿಳಿಯದು. ಆದರೆ ಆ ಸುದ್ದಿಯಿಂದ ಎರಡು ಮನೆಯವರು ಇವತ್ತಿಗೂ ಮಾತು ಬಿಟ್ಟಿದ್ದಾರೆ.

ಮೂರು ತಿಂಗಳು ಹೀಗೆ ಹಾಳಾದ ಮೇಲೆ ಒಬ್ಬ ನಿವೃತ್ತ ಮೇಷ್ಟ್ರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿಸಿದರು. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಆದ್ದರಿಂದ ಎಲ್ಲವನ್ನೂ ಒಂದರಲ್ಲೇ ತುರುಕಬೇಡಿ, ಬೇರೆ ಬೇರೆ ಹಾಕಿ. ಬಡಾವಣೆಯ ಅನುಮೋದಿತ ನಕ್ಷೆ ಕೇಳಿ. ಜಾಗ ಗೊತ್ತು ಮಾಡಿದ ಸಭೆಯ ನಡಾವಳಿ ಕೇಳಿ. ಮಣ್ಣು ಪರೀಕ್ಷೆಯ ವರದಿ, ಟ್ಯಾಂಕಿನ ವಿನ್ಯಾಸದ ನಕ್ಷೆ, ಗುತ್ತಿಗೆದಾರರಿಗೆ ಕೊಟ್ಟ ಕಾರ್ಯಾದೇಶ ಕೇಳಿ. ಸಾರ್ವಜನಿಕ ಜಾಗದ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಪಡೆದಿದ್ದರೆ ಅದರ ಪ್ರತಿಯನ್ನೂ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಸಣ್ಣ ಊರುಗಳಲ್ಲಿ ಟ್ಯಾಂಕ್ ಕಟ್ಟುವುದು ಎಷ್ಟೋ ಸಲ ಪುರಸಭೆ ಅಲ್ಲ, ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಯಾರ ಕೆಲಸ ಅಂತ ತಿಳಿದು ಹಾಕಿ, ಇಲ್ಲವಾದರೆ ಅರ್ಜಿ ಆ ಕಚೇರಿ ಈ ಕಚೇರಿ ಅಂತ ಸುತ್ತುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಗದ ಕೇಳುವುದಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಇದೆ.

ನಕ್ಷೆ ಕೈಗೆ ಬಂದಾಗ ನಮಗೆ ಆಶ್ಚರ್ಯ ಆಯಿತು. ಪಾರ್ಕಿನಿಂದ ಇನ್ನೂರು ಅಡಿ ಆಚೆ ಮುಳ್ಳುಕಂಟಿ ಬೆಳೆದ ಒಂದು ಸಿಎ ಸೈಟ್ ಇತ್ತು, ನಾಗರಿಕ ಸೌಲಭ್ಯಕ್ಕೆ ಅಂತಲೇ ಬಿಟ್ಟದ್ದು. ಅದು ನಮಗ್ಯಾರಿಗೂ ನೆನಪೇ ಇರಲಿಲ್ಲ. ಅಲ್ಲಿಂದ ನಮ್ಮ ಅರ್ಜಿಯ ಧಾಟಿ ಬದಲಾಯಿತು. "ಟ್ಯಾಂಕ್ ಬೇಡ" ಅನ್ನುವುದನ್ನು ಹೊಡೆದು "ಟ್ಯಾಂಕ್ ಬೇಕು, ಸಿಎ ಸೈಟಿನಲ್ಲಿ ಕಟ್ಟಿ" ಅಂತ ಬರೆದೆವು. ಆ ಅರ್ಜಿಗೆ ಕೆಳಗಿನ ಓಣಿಯವರೂ ಸಹಿ ಹಾಕಿದರು. ಎರಡೂ ಕಡೆಯವರು ಒಟ್ಟಿಗೆ ಜಿಲ್ಲಾಧಿಕಾರಿ ಕಚೇರಿಗೆ ಹೋದೆವು. ಒಂದೇ ಕಾಗದದಲ್ಲಿ ಎಪ್ಪತ್ತು ಸಹಿ ನೋಡಿದಾಗ ಅಧಿಕಾರಿಗಳು ಮಾತಾಡುವ ರೀತಿಯೇ ಬೇರೆ. ಐದು ತಿಂಗಳಲ್ಲಿ ಜಾಗ ಬದಲಾಯಿತು.

ಪಾರ್ಕಿನ ವಿಷಯದಲ್ಲಿ ಕಾನೂನು ಜನರ ಪರವಾಗಿಯೇ ಇದೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ ಅಂತ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಒಂದು ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅಕ್ಕಪಕ್ಕದಲ್ಲಿ ವಾಸ ಮಾಡುವವರಿಗೆ ಪ್ರಶ್ನೆ ಮಾಡುವ ಹಕ್ಕಿದೆ ಅಂತ ಸ್ಪಷ್ಟವಾಗಿ ಹೇಳಿತು. ಆದರೆ ಅಲ್ಲಿದ್ದದ್ದು ಖಾಸಗಿ ಆಸ್ಪತ್ರೆ, ನಿಮ್ಮಲ್ಲಿರುವುದು ಊರಿನ ಕುಡಿಯುವ ನೀರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು, ಗೆದ್ದೇ ಗೆಲ್ಲುತ್ತೇವೆ ಅಂದುಕೊಳ್ಳಬೇಡಿ.

*

ಕುಡಿಯುವ ನೀರಿನ ಕಾಮಗಾರಿಗಳಲ್ಲೇ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಮೇಲಿನವರ ಸಿಎ ಸೈಟ್ ಸಲಹೆ ಒಳ್ಳೆಯದು. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಬದಲಿ ಜಾಗ ತೋರಿಸುವಾಗ ಅದರ ಮಟ್ಟ ನೋಡಿ.

ಟ್ಯಾಂಕನ್ನು ಎತ್ತರದಲ್ಲಿ ಇಡುವುದು ಯಾಕೆ? ಪಂಪ್ ಇಲ್ಲದೆ ನೀರು ತಾನೇ ಹರಿದು ಹೋಗಲಿ ಅಂತ. ಎರಡು ಅಂತಸ್ತಿನ ಮನೆಗಳಿರುವ ಕಡೆ, ಕೊನೆಯ ಮನೆಯ ನಳದಲ್ಲೂ 12 ಮೀಟರ್ ಎತ್ತರಕ್ಕೆ ನೀರು ಏರುವಷ್ಟು ಒತ್ತಡ ಉಳಿಯಬೇಕು ಅಂತ ನಮ್ಮ ಕಾಲದಲ್ಲಿ ಲೆಕ್ಕ ಹಾಕುತ್ತಿದ್ದೆವು. ಪೈಪಿನಲ್ಲಿ ಹರಿಯುವಾಗಲೂ ಒಂದಷ್ಟು ಒತ್ತಡ ಕಳೆಯುತ್ತದೆ. ನೀವು ತೋರಿಸುವ ಜಾಗ ಪಾರ್ಕಿಗಿಂತ ಐದು ಮೀಟರ್ ತಗ್ಗಿನಲ್ಲಿದ್ದರೆ ಟ್ಯಾಂಕಿನ ಕಾಲು ಇನ್ನೂ ಐದು ಮೀಟರ್ ಹೆಚ್ಚು ಉದ್ದ ಆಗಬೇಕು. ಖರ್ಚು ಏರುತ್ತದೆ, ಫೈಲ್ ಅಲ್ಲೇ ಕೂರುತ್ತದೆ. ಎಷ್ಟೋ ಬಡಾವಣೆಗಳ ಮನವಿ ಹೀಗೇ ಬಿದ್ದು ಹೋಗಿದ್ದನ್ನು ನಾನು ನೋಡಿದ್ದೇನೆ. ಜನ ಕೆರೆ ಅಂಗಳದ ತಗ್ಗು ಜಾಗ ತೋರಿಸಿ "ಅಲ್ಲಿ ಕಟ್ಟಿ" ಅನ್ನುತ್ತಾರೆ. ಪಾಪ, ಅವರಿಗೆ ಯಾರೂ ವಿವರಿಸಿರುವುದಿಲ್ಲ.

ನಿಮ್ಮ ಭಯದ ಬಗ್ಗೆ. ಅದನ್ನು ಸುಮ್ನೆ ಹೆದರಿಕೆ ಅಂತ ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. 5 ಲಕ್ಷ ಲೀಟರ್ ನೀರು ಅಂದರೆ 500 ಟನ್. ಕಾಂಕ್ರೀಟಿನ ತೂಕ ಬೇರೆ. 2020ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಬಾಂಕುರಾ ಜಿಲ್ಲೆಯ ಸಾರೆಂಗಾದಲ್ಲಿ ಟ್ಯಾಂಕ್ ಕುಸಿಯಿತು. 2024ರ ಜೂನಿನಲ್ಲಿ ಮಥುರಾದ ಒಂದು ಬಡಾವಣೆಯಲ್ಲಿ ಟ್ಯಾಂಕ್ ಬಿದ್ದು ಇಬ್ಬರು ಹೆಣ್ಣುಮಕ್ಕಳು ಸತ್ತರು. ಎರಡೂ ಹಳೇ ಟ್ಯಾಂಕ್ ಅಲ್ಲ, ಕಟ್ಟಿ ಕೆಲವೇ ವರ್ಷ ಆಗಿತ್ತು. ಹಾಗಂತ ಟ್ಯಾಂಕ್ ಅಂದರೆ ಬೀಳುವುದೇ ಅಂತಲ್ಲ. ನಾವು ಕಟ್ಟಿಸಿದವು ಮೂವತ್ತು ವರ್ಷದಿಂದ ನಿಂತಿವೆ. ಕೆಲಸ ನಡೆಯುವಾಗ ಕಣ್ಣಿಟ್ಟು ನೋಡುವವರು ಇದ್ದಾರೋ ಇಲ್ಲವೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಿಮ್ಮ ಕಡೆ ಎರೆಮಣ್ಣು ಇದ್ದರೆ ಮಣ್ಣು ಪರೀಕ್ಷೆಯ ವರದಿಯನ್ನು ಬಿಡಲೇಬೇಡಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಪಾಯ ಅದನ್ನು ದಾಟಿ ಗಟ್ಟಿ ನೆಲ ಮುಟ್ಟಬೇಕು. ಟ್ಯಾಂಕಿನ ವಿನ್ಯಾಸಕ್ಕೆ ಐಎಸ್ 3370, ಕೆಳಗಿನ ಕಂಬಗಳಿಗೆ ಐಎಸ್ 11682 ಅನ್ನುವ ಮಾನದಂಡಗಳಿವೆ. ನಕ್ಷೆಯಲ್ಲಿ ಅವು ನಮೂದಾಗಿವೆಯೇ, ವಿನ್ಯಾಸವನ್ನು ಬೇರೆಯವರಿಂದ ಪರಿಶೀಲನೆ ಮಾಡಿಸಿದ್ದಾರೆಯೇ ಕೇಳಿ. ಕಾಂಕ್ರೀಟ್ ಹಾಕಿದಾಗಲೆಲ್ಲ ಅದೇ ಕಾಂಕ್ರೀಟಿನ ಚೌಕ ಅಚ್ಚು, ಅಂದರೆ ಕ್ಯೂಬ್ ತೆಗೆದು 28ನೇ ದಿನ ಅದರ ಗಟ್ಟಿತನ ಪರೀಕ್ಷೆ ಮಾಡಬೇಕು. ಆ ವರದಿಯ ಪ್ರತಿ ಪಡೆಯಿರಿ. ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲು, ನೀರು ಹಾಕುತ್ತಿದ್ದಾರೋ ಇಲ್ಲವೋ ನೋಡಲು ಎಂಜಿನಿಯರೇ ಆಗಬೇಕಿಲ್ಲ. ಎದುರು ಮನೆಯವರು ದಿನಾ ಬೆಳಿಗ್ಗೆ ಎದ್ದು ನೋಡಿದರೆ ಸಾಕು.

ಒಂದು ಕೋರಿಕೆ. ಟ್ಯಾಂಕಿನ ತಳಕ್ಕೋ ಗೋಡೆಗೋ ಕಾಂಕ್ರೀಟ್ ಹಾಕುವ ದಿನ ರಾತ್ರಿ ತನಕ ಸದ್ದು ಇರುತ್ತದೆ. ಆಗ ಹೋಗಿ ನಿಲ್ಲಿಸಬೇಡಿ. ಅರ್ಧಕ್ಕೆ ನಿಂತರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡುವುದಿಲ್ಲ, ಮುಂದೆ ಅಲ್ಲೇ ನೀರು ಜಿನುಗುತ್ತದೆ.

*

ನಾನು ಹುಬ್ಬಳ್ಳಿ ಕಡೆಯವಳು. ಟ್ಯಾಂಕ್ ಬೇಕು ಅಂತ ಜಗಳ ಮಾಡಿದವರಲ್ಲಿ ನಾನೂ ಒಬ್ಬಳು. ನಮ್ಮ ಮನೆ ಪೈಪಿನ ಕಟ್ಟಕಡೆಗೆ.

ನೀರು ಬಿಡುವ ದಿನ ನಮ್ಮ ಮನೆಯಲ್ಲಿ ಯಾರೂ ಊರಿಗೆ ಹೋಗುವಂತಿಲ್ಲ. ಮದುವೆ ಇದ್ದರೂ ಒಬ್ಬರು ಉಳಿಯಬೇಕು. ನೀರು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ಏಳಬೇಕು. ಮೇಲಿನ ಓಣಿಯವರು ಮೋಟರ್ ಹಚ್ಚಿ ಎಳೆದುಕೊಂಡ ಮೇಲೆ ನಮ್ಮ ನಳದಲ್ಲಿ ಬರುವುದು ದಾರದಂಥ ನೀರು. ನಮ್ಮ ಅತ್ತೆ ಕೊಡ ಹೊತ್ತು ಮೆಟ್ಟಿಲಿನಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅದಾದ ವಾರಕ್ಕೇ ಮೇಲಿನ ಓಣಿಯವರು ಟ್ಯಾಂಕ್ ಬೇಡ ಅಂತ ಅರ್ಜಿ ಹಿಡಿದು ಬಂದಾಗ ನನಗೆ ಹೇಗಾಗಿರಬೇಡ, ಹೇಳಿ. ಅವರು ಹೇಳುತ್ತಿದ್ದ ಪಾರ್ಕು, ಮರ, ನೆರಳು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಇವರಿಗೆ ನೀರಿದೆ, ಅದಕ್ಕೇ ಇವರಿಗೆ ನೆರಳು ಬೇಕು ಅನಿಸಿತು.

ನಿಮ್ಮ ಕಾಕಾಗೂ ಹೀಗೇ ಅನಿಸಿರಬಹುದು ತಂಗಿ. ಅರ್ಜಿ ಬರೆಯುವ ಮೊದಲು ನಿಮ್ಮ ಅಪ್ಪ ಅವರ ಮನೆಗೆ ಹೋಗಿ ನಳದಲ್ಲಿ ಎಷ್ಟು ನೀರು ಬರುತ್ತದೆ ಅಂತ ಒಂದು ಸಲ ನೋಡಿದ್ದರೆ? ಬೈಯುತ್ತಿಲ್ಲ ನಾನು. ನಮ್ಮಲ್ಲಿಗೆ ಯಾರೂ ಬರಲಿಲ್ಲ, ಅದಕ್ಕೆ ಹೇಳಿದೆ. ನೀರು ಬಿಡುವ ದಿನ ನೀವೇ ಹೋಗಿ. ಅವರೂ ನಿಮ್ಮ ಮನೆಗೆ ಬಂದು, ಆ ಹನ್ನೆರಡು ಅಡಿ ಎಷ್ಟು ಹತ್ತಿರ ಅಂತ ನೋಡಲಿ.

ಕೊನೆಗೆ ನಮ್ಮಲ್ಲಿ ಟ್ಯಾಂಕ್ ಬಂತು. ಆದರೆ ಬಂದ ಮೇಲೂ ಒಂದು ವರ್ಷ ನಮಗೆ ನೀರು ಬರಲಿಲ್ಲ. ಯಾಕೆ ಗೊತ್ತೇ? ಟ್ಯಾಂಕ್ ಹೊಸದು, ಪೈಪ್ ಹಳೆಯದು. ಟ್ಯಾಂಕ್ ಎಲ್ಲಿ ಅಂತ ಬಡಿದಾಡುವಾಗ ವಿತರಣೆ ಪೈಪ್ ಬದಲಿಸುತ್ತೀರಾ ಅಂತ ಒಬ್ಬರೂ ಕೇಳಿರಲಿಲ್ಲ. ಇದನ್ನು ಕೆಳಗಿನ ಸಾಲಿನವರಿಗೆ ಖಂಡಿತ ಹೇಳಿ. ಅವರು ಕೇಳಬೇಕಾದ ಪ್ರಶ್ನೆ ಅದು.

*

ವಕೀಲಿ ಮಾಡುತ್ತೇನೆ, ಸಂಕ್ಷಿಪ್ತವಾಗಿ ಹೇಳುತ್ತೇನೆ. ಸಿವಿಲ್ ಕೋರ್ಟಿನಲ್ಲಿ ಸ್ಟೇ ತರುತ್ತೇವೆ ಅಂತ ಯಾರಾದರೂ ಭರವಸೆ ಕೊಟ್ಟರೆ ದುಡ್ಡು ಕೊಡುವ ಮೊದಲು ಯೋಚಿಸಿ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆಯಿತು. ಅದರ ಪಟ್ಟಿಯಲ್ಲಿರುವ ಮೂಲಸೌಕರ್ಯ ಕಾಮಗಾರಿಗಳನ್ನು ತಡೆಯುವಂಥ ಆಜ್ಞೆಯನ್ನು ಕೋರ್ಟ್ ಕೊಡುವಂತಿಲ್ಲ. ನೀರು ಪೂರೈಕೆಯ ಕೆಲಸಗಳೂ ಆ ಪಟ್ಟಿಯಲ್ಲಿವೆ. ಪಾರ್ಕ್ ಕಾಯ್ದೆ ಉಲ್ಲಂಘನೆ ಆಗಿದೆ ಅನ್ನುವ ಗಟ್ಟಿ ಕಾಗದ ಇದ್ದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಹಾಕುವುದು ದಾರಿ. ಅದಕ್ಕೂ ತಡ ಮಾಡಬಾರದು. ಟ್ಯಾಂಕ್ ಅರ್ಧ ಎದ್ದ ಮೇಲೆ ಹೋದರೆ "ಇಷ್ಟು ದಿನ ಎಲ್ಲಿದ್ದಿರಿ" ಅಂತಲೇ ಮೊದಲ ಪ್ರಶ್ನೆ ಬರುತ್ತದೆ.

ನಾನು ನೋಡಿದ ಒಂದು ಕೇಸಿನಲ್ಲಿ ಕೆಲಸ ನಾಲ್ಕು ವರ್ಷ ನಿಂತಿತು. ಕಂಬದ ಕಬ್ಬಿಣ ಬಿಸಿಲು-ಮಳೆಗೆ ತುಕ್ಕು ಹಿಡಿಯಿತು. ಆಮೇಲೆ ಅದೇ ಕಬ್ಬಿಣದ ಮೇಲೆ ಕೆಲಸ ಮುಂದುವರಿಸಿದರು. ವಿರೋಧ ಮಾಡಿದವರು ಇವತ್ತು ಅದರ ಕೆಳಗೇ ಮನೆ ಮಾಡಿಕೊಂಡಿದ್ದಾರೆ. ಅದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

*

ನಮ್ಮ ಮನೆ ಟ್ಯಾಂಕಿನ ಪಕ್ಕದಲ್ಲೇ ಇದೆ, ಹದಿನೈದು ವರ್ಷದಿಂದ. ಬೀಳುವ ಭಯ ಹೋಯಿತು. ಉಳಿದ ತೊಂದರೆ ಎಂದರೆ ತುಂಬಿ ಚೆಲ್ಲುವ ನೀರು. ಹೆಚ್ಚಾದ ನೀರಿನ ಪೈಪನ್ನು ಚರಂಡಿಗೆ ಜೋಡಿಸದೆ ಬಿಟ್ಟಿದ್ದರು. ನೀರುಗಂಟಿ ನಿದ್ದೆ ಹೋದ ರಾತ್ರಿ ನಮ್ಮ ಕಾಂಪೌಂಡ್ ಕೆರೆ ಆಗುತ್ತಿತ್ತು. ಮೇಲೆ ಹತ್ತುವ ಏಣಿಗೆ ಗೇಟೂ ಇರಲಿಲ್ಲ, ಹುಡುಗರು ಹತ್ತುತ್ತಿದ್ದರು. ಚರಂಡಿ ಸಂಪರ್ಕ, ಏಣಿಗೆ ಬೀಗ, ಸಿಡಿಲು ತಡೆಯುವ ಕಂಬಿ, ಸುತ್ತ ಬೇಲಿ, ಟ್ಯಾಂಕ್ ತೊಳೆದ ದಿನಾಂಕದ ಫಲಕ, ಇವನ್ನೆಲ್ಲ ಕಟ್ಟುವಾಗಲೇ ಬರೆಸಿಕೊಳ್ಳಿ. ಗುತ್ತಿಗೆದಾರರು ಹೋದ ಮೇಲೆ ಒಂದು ಬೀಗಕ್ಕೆ ನಾವು ಮೂರು ವರ್ಷ ಓಡಾಡಿದೆವು.

*

ಎಲ್ಲರಿಗೂ ಕೈ ಮುಗಿಯುತ್ತೇನೆ. ಪ್ರಶ್ನೆ ಕೇಳಿದವಳು ನಾನೇ. ಎಲ್ಲ ಉತ್ತರಗಳನ್ನೂ ಅಪ್ಪನಿಗೆ ಓದಿ ಹೇಳಿದೆ. ಹುಬ್ಬಳ್ಳಿ ಅಕ್ಕ ಬರೆದದ್ದನ್ನು ಎರಡು ಸಲ ಓದಿಸಿದರು. ಆಮೇಲೆ ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

ನಿನ್ನೆ ಕೆಳಗಿನ ಸಾಲಿಗೆ ನೀರು ಬಿಡುವ ದಿನ. ಬೆಳಗಿನ ಜಾವ ನಾಲ್ಕಕ್ಕೆ ನಾನೂ ಅಪ್ಪನೂ ಹೋದೆವು. ಕಾಕಾ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬನ್ನಿ ಅನ್ನಲಿಲ್ಲ. ಕಾಕು ಕೊಡ ಇಟ್ಟುಕೊಂಡು ಕೂತಿದ್ದರು. ಒಂದು ಕೊಡ ತುಂಬಲು ಹತ್ತು ನಿಮಿಷದ ಮೇಲಾಯಿತು. ಎರಡನೇ ಕೊಡ ತುಂಬುವ ಹೊತ್ತಿಗೆ ಅಪ್ಪ ವಿತರಣೆ ಪೈಪಿನ ಮಾತು ತೆಗೆದರು. ಅದು ಹಾಕಿ ಎಷ್ಟು ವರ್ಷ ಆಯಿತು ಅಂತ ಕಾಕಾಗೆ ಗೊತ್ತಿತ್ತು. ಮಾತು ಬಿಟ್ಟ ಮೇಲೆ ಅವರಿಬ್ಬರೂ ಮೊದಲ ಸಲ ಮಾತಾಡಿದ್ದು ಅದನ್ನೇ.

ಸೋಮವಾರ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇವೆ. ನಕ್ಷೆಗೆ ಒಂದು, ಮಣ್ಣು ಪರೀಕ್ಷೆಗೆ ಒಂದು, ಪೈಪಿಗೆ ಒಂದು. ಪೈಪಿನದನ್ನು ಕಾಕಾ ತಮ್ಮ ಹೆಸರಿನಲ್ಲಿ ಹಾಕುತ್ತೇನೆ ಅಂದಿದ್ದಾರೆ. ನಕ್ಷೆ ಕೈಗೆ ಬಂದ ಮೇಲೆ ಇಲ್ಲೇ ಬಂದು ಬರೆಯುತ್ತೇನೆ. ಎಂಜಿನಿಯರ್ ಸರ್, ಬೇರೆ ಜಾಗ ಸಿಕ್ಕರೆ ಅದು ಪಾರ್ಕಿಗಿಂತ ಎಷ್ಟು ತಗ್ಗಿನಲ್ಲಿದೆ ಅಂತ ಅಳೆಯುವುದು ಹೇಗೆ, ಅದನ್ನೊಂದು ಹೇಳಿಕೊಡಿ.